ಬೆನ್ನು ತುಳಿಸಿಕೊಳ್ಳಲು ಬರುತ್ತಿದ್ದವನು

ಅವನು ಸತ್ತ ಸುದ್ದಿ ನನಗೆ ಗೊತ್ತಾದದ್ದು ತಿಥಿ ಎಲ್ಲ ಮುಗಿದ ಮೇಲೆ. ಕಟ್ಟಿದ ಹೂವು ಕೊಡಲು ಗಾಂಧಿ ಬಜಾರಿನ ಅಂಗಡಿಗೆ ಹೋಗಿದ್ದೆ. ಯಾರೋ ಗಂಡಸು ಸೇವಂತಿಗೆ ಆರಿಸುತ್ತ ನಿಂತಿದ್ದ. ಹೊಟ್ಟೆ ಬಂದಿತ್ತು, ತಲೆಯಲ್ಲಿ ಕೂದಲಿರಲಿಲ್ಲ. ಮುಖ ನೋಡಿದರೆ ಗುರುತು ಸಿಗಲಿಲ್ಲ. ಬುಟ್ಟಿಯ ಮೇಲೆ ಬಗ್ಗಿದಾಗ ಬೆನ್ನು ಕಂಡಿತು. ಬೆನ್ನು ಕಂಡ ಮೇಲೆ ಇನ್ನು ಅನುಮಾನವೇ ಇಲ್ಲ.

"ಏನಪ್ಪಾ, ಎಡಗಡೆ ಭುಜ ಇನ್ನೂ ಇಳಿಬಿಟ್ಕೊಂಡೇ ಓಡಾಡ್ತಿದೀಯಾ?" ಅಂದೆ.

ಅವನು ಬೆಚ್ಚಿ ತಿರುಗಿದ. "ಅಯ್ಯೋ ಅಕ್ಕಾ! ಇನ್ನೂ ಇದೀರಾ?"

"ಇದೀನಿ. ಸಾಯೋ ತನಕ ಇರಬೇಕಲ್ಲ."

ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ. "ನಮ್ಮ ಕಾರ್ನರ್ ಹೋಗ್ಬಿಟ್ಟ ಅಕ್ಕ. ನಮಗೂ ಆಮೇಲೆ ಗೊತ್ತಾಗಿದ್ದು."

"ಯಾರು ಹೊತ್ರು?"

"ಅವನ ಕಡೆಯೋರು ಯಾರೂ ಇರ್ಲಿಲ್ವಂತೆ. ಅಕ್ಕಪಕ್ಕದ ಮನೆಯವರು, ಕಂಪನಿಯ ಒಬ್ಬ ಡ್ರೈವರ್ರು. ನಾಲ್ಕು ಹೆಗಲು ಸೇರಿಸೋದೇ ಕಷ್ಟ ಆಯ್ತಂತೆ."

ಹೂವಿನ ಲೆಕ್ಕ ಮುಗಿಸಿಕೊಂಡು ಮನೆಗೆ ಬಂದೆ. ಅವನೊಬ್ಬನ ಮೇಲೆ ಏಳು ಜನ ರಾಶಿ ಬೀಳುತ್ತಿದ್ದ ಕಾಲವನ್ನು ನಾನು ನೋಡಿದ್ದೇನೆ. ಅವನನ್ನು ಎತ್ತಲು ನಾಲ್ಕು ಜನ ಸಿಗಲಿಲ್ಲ ಅಂದರೆ ಯಾರಾದರೂ ಅವನ ವಿಷಯ ಒಂದಿಷ್ಟು ಬರೆದಿಡಬೇಕು ಅನ್ನಿಸಿತು. ಬರೆಯುವುದು ನನಗೆ ಅಷ್ಟಕ್ಕಷ್ಟೆ. ಆದರೆ ಬರೆಯಲು ಬರುವವರು ಯಾರೂ ಬರೆಯುವುದಿಲ್ಲ.

ಅವನ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರೂ ಕಡಿಮೆ. ಕಬಡ್ಡಿ ಅಂಕಣದ ಎಡ ಮೂಲೆಯಲ್ಲಿ ನಿಂತು ಬಂದವರ ಕಾಲು ಹಿಡಿಯುವುದು ಅವನ ಕೆಲಸ. ಅದಕ್ಕೇ ಎಲ್ಲರಿಗೂ ಅವನು ಕಾರ್ನರ್.

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಬೆನ್ನು ತುಳಿದರೆ ಉಳುಕು ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಾನೇನು ನಂಬಿ ಎಂದು ಯಾರಿಗೂ ಹೇಳಿದವಳಲ್ಲ. ಚಾಮರಾಜಪೇಟೆಯ ಈ ವಠಾರಕ್ಕೆ ಮದುವೆಯಾಗಿ ಬಂದಾಗ ನಮ್ಮತ್ತೆ ನಲ್ಲಿ ಹತ್ತಿರ ಹೇಳಿಕೊಂಡು ಬಂದರು, ಅಲ್ಲಿಂದ ಶುರು. ಬೆಳಗ್ಗೆ ಬಾಯಿಗೆ ಏನೂ ಹಾಕದೆ ಬರಬೇಕು. ಅಂಗಳದ ಚಪ್ಪಡಿ ಕಲ್ಲಿನ ಮೇಲೆ ಬೋರಲು ಮಲಗಬೇಕು. ನಾನು ಗೋಡೆ ಹಿಡಿದುಕೊಂಡು ಬಲಗಾಲಿನಲ್ಲಿ ಮೆಲ್ಲಗೆ ತುಳಿಯುತ್ತೇನೆ. ದುಡ್ಡು ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ತುಳಿಸಿಕೊಂಡವರು ಎದ್ದು ಹಿಂದೆ ತಿರುಗಿ ನೋಡದೆ ಹೋಗಬೇಕು. ನೋಡಿದರೆ ಉಳುಕು ವಾಪಸು ಬರುತ್ತದೆ. ಇದೆಲ್ಲ ನಮ್ಮತ್ತೆ ಹೇಳಿಕೊಟ್ಟ ನಿಯಮ.

ವಠಾರದ ಹಿಂದೆಯೇ ಬಯಲು. ಎಮರ್ಜೆನ್ಸಿಗೂ ಮುಂಚಿನ ಮಾತು. ಆಗ ಆ ಬಯಲಿನಲ್ಲಿ ದೊಡ್ಡ ಕಂಪನಿಯೊಂದರ ಕಬಡ್ಡಿ ತಂಡ ದಿನಾ ಸಂಜೆ ಆಡುತ್ತಿತ್ತು. ಆಟಗಾರರಿಗೆಲ್ಲ ಕಂಪನಿಯಲ್ಲೇ ಕೆಲಸ. ಕೆಲಸ ಅಂದರೆ ಬೆಳಗ್ಗೆ ಹೋಗಿ ರುಜು ಹಾಕುವುದು, ಮಧ್ಯಾಹ್ನದ ಮೇಲೆ ಬಯಲಿಗೆ ಬಂದು ಮಣ್ಣಿನಲ್ಲಿ ಹೊರಳುವುದು. ಹೊರಳಿದವರಿಗೆ ಬೆನ್ನು ಉಳುಕದೆ ಇರುತ್ತದೆಯೆ? ಒಬ್ಬ ಬಂದ, ವಾಸಿಯಾಯಿತು ಅಂದ. ಆಮೇಲೆ ತಂಡದ ತಂಡವೇ ಬರತೊಡಗಿತು.

ಜನ ಅವರ ಆಟ ನೋಡಿದರು. ನಾನು ಅವರ ಬೆನ್ನು ನೋಡಿದೆ. ರೈಡ್ ಹೋಗುವವನೊಬ್ಬನಿದ್ದ. ಅಂಕಣದಲ್ಲಿ ಚಿರತೆಯ ಹಾಗೆ ಹಾರುತ್ತಿದ್ದ, ನನ್ನ ಕಾಲು ತಗುಲಿದರೆ ಕಚಗುಳಿಯಾಗಿ ಚಿಕ್ಕ ಮಕ್ಕಳ ಹಾಗೆ ಕಿಲಕಿಲ ನಗುತ್ತಿದ್ದ. ಕ್ಯಾಪ್ಟನ್‌ಗೆ ಹೆಂಗಸಿನ ಕಾಲು ಮೈಗೆ ತಗುಲಬಾರದು. ಟವಲ್ ಮಡಿಸಿ ಬೆನ್ನ ಮೇಲೆ ಹಾಕಿಕೊಂಡೇ ಮಲಗುತ್ತಿದ್ದ. "ಟವಲ್ಲಿಗೆ ಉಳುಕಿದೆಯೇನಪ್ಪಾ?" ಅಂತ ಕೇಳಿದ್ದೆ. ಗಾಂಧಿ ಬಜಾರಿನಲ್ಲಿ ಸಿಕ್ಕನಲ್ಲ, ಅವನು ಕಾರ್ನರಿನ ಪಕ್ಕ ನಿಲ್ಲುತ್ತಿದ್ದವನು. ಮೂಲೆಯವನೂ ಪಕ್ಕದವನೂ ಯಾವಾಗಲೂ ಕೈ ಕೈ ಹಿಡಿದುಕೊಂಡೇ ಇರಬೇಕು, ರೈಡರ್ ಬಂದರೆ ಸರಪಳಿಯ ಹಾಗೆ ಸುತ್ತಿಕೊಳ್ಳಬೇಕು. ಕಾರ್ನರ್ ಒಂದು ಸಲ ಕಾಲಿಗೆ ಹಾರಿದರೆ ಇವನ ಎಡಗೈಯೂ ಅವನ ಹಿಂದೆಯೇ ಹೋಗುತ್ತಿತ್ತು. ಹಾಗೆ ಎಳೆಸಿಕೊಂಡು ಎಳೆಸಿಕೊಂಡೇ ಇವನ ಎಡಭುಜ ಇಳಿದದ್ದು.

ಆಟವನ್ನೂ ನೋಡಿದ್ದೇನೆ. ಬಯಲಿನಲ್ಲಿ ಬರೀ ಗಂಡಸರು. ನಾನು ಹಿತ್ತಲ ಗೋಡೆಯ ಪಕ್ಕ ಒಡೆದ ಒರಳುಕಲ್ಲೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ನಿಂತು, ಗೋಡೆಯ ಆಚೆ ಕಣ್ಣು ಹಾಕಿಕೊಂಡು, ಕೈಯಲ್ಲಿ ಹೂವು ಕಟ್ಟುತ್ತ ನೋಡುತ್ತಿದ್ದೆ. ಎದುರು ಮನೆ ತಾಯಮ್ಮ ಅಣಕಿಸುತ್ತಿದ್ದಳು. "ಏನಕ್ಕಾ, ನಿನ್ನ ಪೈಲ್ವಾನರು ಗೆಲ್ತಿದಾರಾ? ಇಲ್ದಿದ್ರೆ ಕರೆಸ್ಕೊಂಡು ಇನ್ನೊಂದು ಸಲ ಒದಿ."

ಕಾರ್ನರ್ ಮೊದಲ ಸಲ ಬಂದಾಗ ಚಪ್ಪಡಿ ಕಲ್ಲು ಅವನಿಗೆ ಸಾಲಲಿಲ್ಲ. ಕಾಲು ಆಚೆ ಚಾಚಿಕೊಂಡಿದ್ದವು. ಬೆನ್ನು ಬಾಗಿಲಿನಷ್ಟು ಅಗಲ. ಕಿವಿ ಎರಡೂ ಮುದುಡಿದ ಎಲೆಕೋಸಿನ ಹಾಗೆ. ಬೀಳುವಾಗೆಲ್ಲ ಯಾರದೋ ಮಂಡಿಯೋ ಮೊಣಕೈಯೋ ತಗುಲಿ ಹಾಗಾಗಿದ್ದವು. ಮಾತು ಕಡಿಮೆ. ಆದರೆ ಬೋರಲು ಮಲಗಿದರೆ ಕಲ್ಲಿನ ಜೊತೆ ಮಾತಾಡುವವನ ಹಾಗೆ ಒಂದೊಂದೇ ಹೇಳುತ್ತಿದ್ದ. ತಾಯಿ ಬೇಗ ಹೋಗಿದ್ದಳು. ಇವರ ಮನೆ ಅವರ ಮನೆ ಅಂತ ಬೆಳೆದು, ಬಳೇಪೇಟೆಯಲ್ಲಿ ಸಗಟು ಬಳೆ ಅಂಗಡಿಯೊಂದರ ಕೈಗಾಡಿ ತಳ್ಳಿಕೊಂಡು ಅಂಗಡಿಯ ಜಗುಲಿಯಲ್ಲೇ ಮಲಗುತ್ತಿದ್ದನಂತೆ. ಅಲ್ಲಿಂದ ಕಬಡ್ಡಿಗೆ ಬಂದ.

"ಬೇರೆ ಊರಿಗೆ ಆಡೋಕೆ ಹೋದ್ರೆ ಸ್ಕೂಲ್ ರೂಮಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿಸ್ತಾರೆ ಅಕ್ಕ," ಅಂತ ಒಂದು ದಿನ ಹೇಳಿದ. "ಒಬ್ಬ ಮಗ್ಗಲು ತಿರುಗಿದ್ರೆ ಎಲ್ರೂ ತಿರುಗ್ಬೇಕು. ಅಷ್ಟು ಇಕ್ಕಟ್ಟು."

"ನಿದ್ದೆ ಬರತ್ತೇನೋ ಅದರಲ್ಲಿ?"

"ಅಲ್ಲೇ ಅಕ್ಕ ಚೆನ್ನಾಗಿ ಬರೋದು."

ಮದುವೆ ಮಾಡಿಕೋ ಅಂತ ಹೇಳಿದ್ದೂ ಉಂಟು. "ಈ ಕಿವಿ ನೋಡಿ ಯಾರಕ್ಕ ಹೆಣ್ಣು ಕೊಡ್ತಾರೆ?" ಅಂದ. "ಕಿವಿಗೆ ಯಾರು ಕೊಡ್ತಾರೋ, ಸಂಬಳಕ್ಕೆ ಕೊಡ್ತಾರೆ" ಅಂದೆ. ಕಲ್ಲಿನ ಮೇಲೆ ಮುಖ ಇಟ್ಟುಕೊಂಡೇ ನಕ್ಕ. ನಕ್ಕದ್ದು ನನ್ನ ಅಂಗಾಲಿಗೆ ಗೊತ್ತಾಯಿತು.

ಒಂದು ವರ್ಷ ದಸರಾ ಹತ್ತಿರ ಬಂದಿತ್ತು. ಬೆಳಗ್ಗೆ ಬಂದವನು ಕಲ್ಲಿನ ಮೇಲೆ ಮಲಗಲು ಒದ್ದಾಡಿದ. ಬಲ ಮಂಡಿ ಮಡಚಲು ಆಗುತ್ತಿರಲಿಲ್ಲ. ಪ್ಯಾಂಟು ಮೇಲೆ ಮಾಡಿಸಿ ನೋಡಿದೆ. ಊದಿಕೊಂಡು ಹಲಸಿನ ತೊಳೆಯ ಬಣ್ಣಕ್ಕೆ ಬಂದಿತ್ತು. ಮುಟ್ಟಿದರೆ ಒಳಗೆ ಏನೋ ಜಾರಿದ ಹಾಗೆ.

"ಇದು ಉಳುಕಲ್ಲ ಕಣೋ. ಮಂಡಿಗೆ ನನ್ನ ಕಾಲು ಆಗಲ್ಲ. ಡಾಕ್ಟರ್ ಹತ್ರ ಹೋಗು ಮುಟ್ಠಾಳ."

"ಹೋದ್ರೆ ಚೀಟಿ ಬರೀತಾರೆ ಅಕ್ಕ. ಚೀಟಿ ಕಂಪನಿಗೆ ಹೋಗತ್ತೆ."

"ಹೋಗ್ಲಿ. ಕೆಲಸದಿಂದ ತೆಗೀತಾರಾ?"

"ತೆಗೆಯಲ್ಲ. ಆಟದಿಂದ ತೆಗೆದು ಗೇಟಿನ ಹತ್ರ ಸ್ಟೂಲ್ ಹಾಕಿ ಕೂರಿಸ್ತಾರೆ."

"ಕೂತ್ಕೋ ಮತ್ತೆ. ಮಣ್ಣಲ್ಲಿ ಬಿದ್ದು ತಗೊಂಡ್ರೂ ಸಂಬಳವೇ, ಸ್ಟೂಲ್ ಮೇಲೆ ಕೂತು ತಗೊಂಡ್ರೂ ಸಂಬಳವೇ."

ಅವನು ಮಂಡಿಯ ಮೇಲೆ ಪ್ಯಾಂಟು ಎಳೆದುಕೊಂಡ. ಆಮೇಲೆ ಹೇಳಿದ. "ಅಲ್ಲಿ ಒಬ್ನೇ ಕೂರ್ಬೇಕಲ್ಲ ಅಕ್ಕ."

ನಾನೂ ಗಂಡ ಹೋದ ಮೇಲೆ ಒಬ್ಬಳೇ ಕೂತು ಹೂವು ಕಟ್ಟಿದವಳು. ಕೂತರೆ ಅಭ್ಯಾಸವಾಗುತ್ತದೆ ಅಂದೆ. ಅವನು ತಲೆ ಅಲ್ಲಾಡಿಸಿದ. ಯಾರಿಗೂ ಹೇಳಬೇಡಿ ಅಂದ. ಹೇಳಲಿಲ್ಲ.

ಆ ಭಾನುವಾರ ನಮ್ಮ ಬಯಲಿನಲ್ಲೇ ಫೈನಲ್. ಶಾಮಿಯಾನ, ಮೈಕು, ಬಯಲ ತುಂಬ ಜನ. ಗೋಡೆಯ ಮೇಲೆ ಕೂಡ ಗಂಡಸರು ಹತ್ತಿ ಕೂತಿದ್ದರು. ನಾನು ಒಬ್ಬನ ಕಾಲು ಹಿಡಿದೆಳೆದು ಕೆಳಗಿಳಿಸಿ ನನ್ನ ಜಾಗ ಬಿಡಿಸಿಕೊಂಡೆ. ಕಾರ್ನರ್ ಮಂಡಿಗೆ ಬಟ್ಟೆ ಸುತ್ತಿಕೊಂಡು ಮೇಲೆ ಮಣ್ಣು ಬಳಿದುಕೊಂಡಿದ್ದ, ಸುತ್ತಿರುವುದು ಕಾಣಬಾರದು ಅಂತ. ಪಕ್ಕದವನ ಕೈ ಹಿಡಿದು ಮೂಲೆಯಲ್ಲಿ ನಿಂತ. ನಿಂತೇ ಇದ್ದ. ಎದುರಾಳಿಗಳು ಅವನ ಕಡೆಯಿಂದಲೇ ಬಂದು ಮುಟ್ಟಿಕೊಂಡು ಹೋಗುತ್ತಿದ್ದರು. ಅವನು ಹಾರಲಿಲ್ಲ. ಜನ ಬೈಯತೊಡಗಿದರು. "ಲೇ ಕಾರ್ನರ್, ಕಾಲಲ್ಲಿ ಬೇರು ಬಿಟ್ಟಿದೆಯೇನೋ!" "ಹೋಗೋ, ಮನೇಲಿ ಮಲ್ಕೋ ಹೋಗು!"

ಹಾಫ್ ಟೈಮ್‌ನಲ್ಲಿ ತಂಡದವರೆಲ್ಲ ಸೋಡಾ ಕುಡಿಯುತ್ತಿದ್ದಾಗ ಅವನು ಹಿತ್ತಲ ಬಾಗಿಲಿಂದ ನಮ್ಮ ಅಂಗಳಕ್ಕೆ ಬಂದ. ಬಂದವನೇ ಕಲ್ಲಿನ ಮೇಲೆ ಬೋರಲು ಬಿದ್ದ.

"ತುಳೀರಿ ಅಕ್ಕ."

"ಮಂಡಿಗೆ ಆಗಲ್ಲ ಅಂದ್ನಲ್ಲೋ. ಅದೂ ಈಗ ಸಾಯಂಕಾಲ, ಹೊಟ್ಟೆಗೆ ಬೇರೆ ತಿಂದಿದೀಯ."

"ಬೆನ್ನಿಗೇ ತುಳೀರಿ. ಸಾಕು."

ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು ತುಳಿದೆ. ಬೆನ್ನೆಲ್ಲ ಬೆವರು, ಜಾರುತ್ತಿತ್ತು. ಕೆಳಗೆ ಅವನ ಎದೆ ಹೊಡೆದುಕೊಳ್ಳುವುದು ನನ್ನ ಕಾಲಿಗೆ ಕೇಳುತ್ತಿತ್ತು. ಎದ್ದ. ತಿರುಗಿ ನೋಡದೆ ಕುಂಟಿಕೊಂಡು ಹೋದ. ಬಾಗಿಲು ದಾಟುತ್ತಲೇ ಕುಂಟುವುದನ್ನು ನಿಲ್ಲಿಸಿದ.

ಕೊನೆಯ ರೈಡ್ ಹೊತ್ತಿಗೆ ಎರಡೂ ಕಡೆ ಸಮ. ಎದುರಾಳಿಗಳ ದೊಡ್ಡ ರೈಡರ್ ಕಬಡ್ಡಿ ಕಬಡ್ಡಿ ಅನ್ನುತ್ತ ನೇರ ಎಡಮೂಲೆಗೇ ಬಂದ. ಅಲ್ಲಿ ನಿಂತವನಿಗೆ ಕಾಲಿಲ್ಲ ಅಂತ ಅವನಿಗೂ ಗೊತ್ತಾಗಿತ್ತು. ಪಾದ ಚಾಚಿ ಕಾರ್ನರನ ಮುಖದ ಹತ್ತಿರ ಆಡಿಸಿದ. ಆಗ ಕಾರ್ನರ್ ಹಾರಿದ. ಕಾಲಿನ ಗಿಣ್ಣು ಹಿಡಿದ. ರೈಡರ್ ಅವನನ್ನು ಮಣ್ಣಿನ ಮೇಲೆ ಎಳೆದುಕೊಂಡೇ ಗೆರೆಯ ಕಡೆ ಹೊರಟ. ಬಲ ಮಂಡಿ ನೆಲಕ್ಕೆ ಉಜ್ಜಿಕೊಂಡು ಹೋಗುತ್ತಿತ್ತು. ಬಿಡಲಿಲ್ಲ. ಪಕ್ಕದವನು ಬಂದು ಬಿದ್ದ, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಮತ್ತೊಬ್ಬ. ರೈಡರ್ ಸೇರಿ ಏಳು ಜನ. ಅಡಿಯಲ್ಲಿ ಇವನು. ರೈಡರನ ಉಸಿರು ಮುರಿಯಿತು, ಸೀಟಿ ಊದಿದರು.

ಗೆದ್ದರು. ಜನ ಅಂಕಣಕ್ಕೆ ನುಗ್ಗಿ ಕ್ಯಾಪ್ಟನ್‌ನನ್ನು ಎತ್ತಿಕೊಂಡು ಕುಣಿದರು. ಪಕ್ಕದವನೂ ಕೈ ಬಿಡಿಸಿಕೊಂಡು ಓಡಿದ. ಅದು ತಪ್ಪಲ್ಲ, ಗೆದ್ದವರು ಓಡುತ್ತಾರೆ. ಕಾರ್ನರ್ ಮಾತ್ರ ಮಣ್ಣಿನಲ್ಲೇ ಇದ್ದ. ಅವನು ಯಾವಾಗಲೂ ನಿಧಾನವಾಗಿ ಏಳುವವನು ಅಂತ ಯಾರೂ ಅತ್ತ ನೋಡಲಿಲ್ಲ. ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ತೆವಳಿಕೊಂಡು ಹೋಗಿ ಶಾಮಿಯಾನದ ಗಳ ಹಿಡಿದುಕೊಂಡು ಎದ್ದ. ಎದ್ದ ಮೇಲೆ ನಾನು ಒರಳುಕಲ್ಲಿನಿಂದ ಇಳಿದೆ. ನಾಳೆ ಹಬ್ಬ, ಕಟ್ಟುವ ಹೂವು ಬೇಕಾದಷ್ಟಿತ್ತು.

ಆ ಮಂಡಿ ಆಮೇಲೆ ಮಡಚಲೇ ಇಲ್ಲ. ಕಂಪನಿಯವರು ಅವನು ಹೇಳಿದ ಹಾಗೆಯೇ ಗೇಟಿನ ಹತ್ತಿರ ಸ್ಟೂಲ್ ಹಾಕಿದರು. ಮೊದಮೊದಲು ತಂಡದವರು ಗೇಟಿನಲ್ಲಿ ನಿಂತು ಮಾತಾಡಿಸುತ್ತಿದ್ದರು. ಆಮೇಲೆ ಸೈಕಲ್ ಮೇಲಿಂದಲೇ ಕೈ ಎತ್ತುತ್ತಿದ್ದರು. ಆಮೇಲೆ ಹೊಸಬರು ಬಂದರು, ಅವರಿಗೆ ಇವನು ಯಾರು ಅಂತಲೇ ಗೊತ್ತಿರಲಿಲ್ಲ. ಬಯಲಿಗೆ ಆಟ ನೋಡಲು ಬರುತ್ತಿದ್ದ. ಹಗ್ಗದ ಆಚೆ, ಜನರಿಂದ ದೂರ, ಒಂದು ಕಾಲು ನೆಟ್ಟಗೆ ಇಟ್ಟುಕೊಂಡು ನಿಲ್ಲುತ್ತಿದ್ದ. ಮೂಲೆಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದವನು ಅದೇ ಎಡಗೈಯಲ್ಲಿ ಅವರ ಕೈ ಹಿಡಿದಿರುತ್ತಿದ್ದ.

ಭಾನುವಾರ ಬೆಳಗ್ಗೆ ನಮ್ಮ ಅಂಗಳಕ್ಕೆ ಬರುವುದನ್ನು ಮಾತ್ರ ಬಿಡಲಿಲ್ಲ. ಬರುತ್ತಿದ್ದ, ಮಲಗುತ್ತಿದ್ದ, ತುಳಿಸಿಕೊಳ್ಳುತ್ತಿದ್ದ, ತಿರುಗಿ ನೋಡದೆ ಹೋಗುತ್ತಿದ್ದ. ಉಳುಕಿದ ಬೆನ್ನಿನ ಮೇಲೆ ಕಾಲಿಟ್ಟರೆ ಮೊದಲು ಉಸಿರು ಬಿಗಿಯಾಗುತ್ತದೆ, ಮೈ ಕಲ್ಲಾಗುತ್ತದೆ. ಇವನ ಬೆನ್ನು ಹಾಗಿರಲಿಲ್ಲ. ಕಾಲಿಟ್ಟ ಕೂಡಲೇ ಉಸಿರು ಬಿಡುತ್ತಿದ್ದ. ಇಷ್ಟು ವರ್ಷ ತುಳಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೆ?

"ಸುಳ್ಳು ಹೇಳ್ತೀಯಾ ನೀನು," ಅಂತ ಒಂದು ದಿನ ಕೇಳಿಯೇ ಬಿಟ್ಟೆ. "ಉಳುಕಿಲ್ಲ, ಏನಿಲ್ಲ. ಸುಮ್ನೆ ಬಂದು ಬಿದ್ಕೋತೀಯ."

"ಗೊತ್ತು ಅಕ್ಕ."

"ಮತ್ತೆ?"

ಕಲ್ಲಿಗೆ ಕೆನ್ನೆ ಒತ್ತಿಕೊಂಡು ಹೇಳಿದ. "ಎಲ್ರೂ ಮೇಲೆ ಬೀಳ್ತಿದ್ರಲ್ಲ ಅಕ್ಕ. ಉಸಿರು ಕಟ್ಟೋದು, ಕಣ್ಣಿಗೆ ಮಣ್ಣು ತುಂಬೋದು. ಅವಾಗ ಚೆನ್ನಾಗಿತ್ತು. ಈಗ ಯಾರೂ ಮುಟ್ಟಲ್ಲ. ಕಂಡಕ್ಟರ್ ಚಿಲ್ಲರೆ ಕೊಡುವಾಗ ಬೆರಳು ತಗುಲತ್ತಲ್ಲ, ಅಷ್ಟೇ."

ತಾಯಮ್ಮ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವತ್ತು ಅವಳು ಅಣಕಿಸಲಿಲ್ಲ. ನಾನು ಇನ್ನೊಂದು ಸುತ್ತು ತುಳಿದೆ, ಸ್ವಲ್ಪ ಜೋರಾಗಿಯೇ.

ಕಾಲ ಕಳೆಯಿತು. ವಠಾರದ ಮಾಲೀಕರ ಮನೆಗೆ ಟೀವಿ ಬಂತು. ಭಾನುವಾರ ಎಲ್ಲರೂ ಅದರ ಮುಂದೆ ಕ್ರಿಕೆಟ್ ನೋಡುತ್ತ ಕೂರತೊಡಗಿದರು. ಬಯಲಿನಲ್ಲಿ ಕಬಡ್ಡಿ ಕಡಿಮೆಯಾಯಿತು, ಆಮೇಲೆ ತಂಡವೂ ಬೇರೆ ಕಡೆ ಹೋಯಿತು. ಬೆನ್ನು ಉಳುಕಿದವರು ಮುಲಾಮು ಹಚ್ಚಿಕೊಳ್ಳತೊಡಗಿದರು. ನನ್ನ ಅಂಗಳಕ್ಕೆ ಬರುವವನು ಅವನೊಬ್ಬನೇ ಉಳಿದ. ವಯಸ್ಸಾದಂತೆ ಅವನು ಬರುವುದೂ ಅಪರೂಪವಾಯಿತು.

ಹೋದ ವರ್ಷ ಮಳೆಗಾಲದಲ್ಲಿ ನಾನು ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದೆ. ಬಲಗಾಲು ಮುರಿಯಿತು, ಅದೇ ಕಾಲು. ಪ್ಲಾಸ್ಟರ್ ಹಾಕಿದರು, ತೆಗೆದರು. ಕಾಲು ಕೂಡಿಕೊಂಡಿತು, ಆದರೆ ಎತ್ತಿ ಇಡಲು ಆಗುವುದಿಲ್ಲ. ಕೋಲು ಹಿಡಿದೇ ಓಡಾಟ. ಹುಟ್ಟುವಾಗ ಮುಂದೆ ಬಂದ ಕಾಲು ಎಲ್ಲಕ್ಕಿಂತ ಮುಂದಾಗಿಯೇ ಕೆಟ್ಟಿತು ಅಂತ ತಾಯಮ್ಮನಿಗೆ ಹೇಳಿದೆ. ಅವಳು ಅತ್ತಳು. ಅಳುವಂಥದ್ದೇನಿತ್ತೋ ಗೊತ್ತಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಒಂದು ಭಾನುವಾರ ಅವನು ಬಂದ. ಅವನ ಕೈಯಲ್ಲೂ ಕೋಲು ಬಂದಿತ್ತು. ನಾನು ಜಗುಲಿಯಲ್ಲಿ ಕಾಲು ಚಾಚಿಕೊಂಡು ಮೊಗ್ಗು ಕಟ್ಟುತ್ತಿದ್ದೆ. ಅವನು ನನ್ನ ಕೋಲು ನೋಡಿದ, ಕಾಲು ನೋಡಿದ. ತನ್ನ ಕೋಲನ್ನು ಗೋಡೆಗೆ ಒರಗಿಸಿ, ಆ ಮಡಚದ ಕಾಲನ್ನು ಪಕ್ಕಕ್ಕೆ ಚಾಚಿ, ಕಷ್ಟಪಟ್ಟು ಕಲ್ಲಿನ ಮೇಲೆ ಬೋರಲು ಮಲಗಿದ.

"ಏಳೋ. ನನ್ನ ಕಾಲು ಮುರಿದಿದೆ, ಕಾಣಲ್ವಾ?"

"ಕಾಣತ್ತೆ ಅಕ್ಕ."

"ಮತ್ಯಾಕೆ ಬಿದ್ಕೊಂಡೆ?"

"ಅಭ್ಯಾಸ."

ಬೈಯೋಣ ಅಂದುಕೊಂಡೆ. ಬಾಗಿಲಿನಷ್ಟಿದ್ದ ಬೆನ್ನು ಇಳಿದು ಹೋಗಿತ್ತು. ಅಂಗಿಯ ಒಳಗೆ ಎಲುಬು ಎಣಿಸಬಹುದಿತ್ತು. ಈಗ ಕಲ್ಲು ಅವನಿಗೆ ಸಾಲುತ್ತಿತ್ತು, ಜಾಗವೂ ಮಿಗುತ್ತಿತ್ತು. ಜಗುಲಿಯಿಂದ ಕುಂಡೆಯಲ್ಲೇ ಜರುಗಿಕೊಂಡು ಇಳಿದು ಕಲ್ಲಿನ ಪಕ್ಕ ಕೂತೆ. ಬಾಳೆನಾರಿನ ತೇವವಿದ್ದ ಕೈಯನ್ನು ಅವನ ಬೆನ್ನ ಮೇಲೆ ಇಟ್ಟೆ.

"ಕೈಯಲ್ಲಿ ಏನೂ ಇಲ್ಲ ಕಣೋ. ಗುಣ ಇದ್ದಿದ್ದು ಕಾಲಲ್ಲಿ."

"ಇರ್ಲಿ ಬಿಡಿ ಅಕ್ಕ."

ಉಸಿರು ಬಿಟ್ಟ. ಒಳಗೆ ಒಲೆಯ ಮೇಲೆ ಅನ್ನವಿತ್ತು. ಸ್ವಲ್ಪ ಹೊತ್ತಿಗೆ ತಳ ಹಿಡಿದ ವಾಸನೆ ಬಂತು. ಆಮೇಲೆ ಸೀದ ವಾಸನೆ ಬಂತು. ಕೈ ತೆಗೆಯಲಿಲ್ಲ. ಅವನೂ ಏಳಲಿಲ್ಲ. ಮಾಲೀಕರ ಮನೆಯ ಟೀವಿಯಲ್ಲಿ ಯಾರೋ ಔಟಾಗಿ ಜನ ಕೂಗಿದರು.

ಕೊನೆಗೆ ಅವನೇ ಎದ್ದ. ಕೋಲು ತೆಗೆದುಕೊಂಡು ಹೊರಟ. ವಠಾರದ ಬಾಗಿಲ ಹತ್ತಿರ ನಿಂತ. ತುಳಿಸಿಕೊಂಡ ದಿನ ತಿರುಗಿ ನೋಡಬಾರದು ಅಂತ ನಿಯಮ. ಅವತ್ತು ನಾನು ತುಳಿದಿರಲಿಲ್ಲವಲ್ಲ, ಕೈಗೆ ಯಾವ ನಿಯಮವೂ ಇರಲಿಲ್ಲ. ತಿರುಗಿ ನೋಡಿದ.

ನಾನೂ ನೋಡಿದೆ. ಅಷ್ಟು ವರ್ಷ ಬಂದವನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ, ಕೊನೆಯ ಸಲವೂ ಅದೇ. ಬೆನ್ನಿನಷ್ಟು ಚೆನ್ನಾಗಿರಲಿಲ್ಲ.